ಮೋಸ ಹೋದವರ ಮೇಲೇಕೆ ಮೊಕದ್ದಮೆ?

ನನ್ನ ಸೋದರತ್ತೆ ಕಾಶಿಯಾತ್ರೆ ಮುಗಿಸಿ ಬಂದಾಗ ಬೀದಿಯ ಮನೆಮನೆಗೂ ಗಂಗೆಯ ಪುಟ್ಟ ಗಿಂಡಿ ಹಂಚಿದರು. ವಿಶ್ವನಾಥನ ದರ್ಶನದ ನೂಕುನುಗ್ಗಲು, ದಶಾಶ್ವಮೇಧ ಘಾಟಿನ ಸಂಜೆಯ ಆರತಿ, ದೋಣಿಯಲ್ಲಿ ಕುಳಿತಾಗ ಮುಖಕ್ಕೆ ಹೊಡೆದ ಚಳಿಗಾಳಿ, ಎಲ್ಲವನ್ನೂ ವರ್ಣಿಸಿದರು. ಒಂದನ್ನು ಮಾತ್ರ ಐದು ವರ್ಷ ಯಾರಿಗೂ ಹೇಳಲಿಲ್ಲ. ಮಣಿಕರ್ಣಿಕಾ ಘಾಟಿನ ಮೆಟ್ಟಿಲ ಮೇಲೆ ಉರಿಯುವ ಚಿತೆಗಳನ್ನು ನೋಡುತ್ತ ನಿಂತಿದ್ದಾಗ ಒಬ್ಬ ಹತ್ತಿರ ಬಂದು ಕೈಮುಗಿದನಂತೆ. ದಿಕ್ಕಿಲ್ಲದೆ ಸಾಯಲು ಬಂದವರ ಸೇವೆ ಮಾಡುವ ಆಶ್ರಮದವನು ತಾನು, ಬಡವರ ಹೆಣ ಸುಡಲು ಸೌದೆ ಸಾಲದು, ಒಂದು ಕಿಲೋ ಸೌದೆಗೆ ಇಷ್ಟು, ಒಂದು ಹೆಣಕ್ಕೆ ಇಷ್ಟು ಕಿಲೋ ಎಂದು ಲೆಕ್ಕ ಹೇಳಿದನಂತೆ. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ ಅತ್ತೆಯ ತಲೆಯ ಮೇಲೆ ಕೈಯಿಟ್ಟು ಹರಸಿದಳಂತೆ. ಅತ್ತೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಸಾವಿರ ರೂಪಾಯಿ ಕೊಟ್ಟರು. ಅದು ಆಶ್ರಮವೂ ಅಲ್ಲ, ಸೌದೆಯೂ ಅಲ್ಲ ಎಂದು ಸಂಜೆ ಛತ್ರದಲ್ಲಿ ಬೇರೆ ಯಾತ್ರಿಕರ ಮಾತಿನಿಂದ ಗೊತ್ತಾಯಿತು. ಅವರ ಪೈಕಿ ಇನ್ನಿಬ್ಬರು ಹಾಗೆಯೇ ಕೊಟ್ಟಿದ್ದರು.

ಐದು ವರ್ಷ ಆಕೆ ಬಾಯಿ ಬಿಡದಿದ್ದುದಕ್ಕೆ ಹೋದ ಹಣದ ದುಃಖ ಕಾರಣವಾಗಿರಲಿಲ್ಲ. 'ನಿನಗೆ ಅಷ್ಟೂ ತಿಳಿಯಲಿಲ್ಲವೇ' ಎಂಬ ಮಾತಿಗೆ ಹೆದರಿದ್ದರು.

ಆ ಮಾತನ್ನು ಖಂಡಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. 'ಮೋಸ ಹೋಗುವವರು ಇರುವ ತನಕ ಮೋಸ ಮಾಡುವವರು ಇದ್ದೇ ಇರುತ್ತಾರೆ' ಎಂಬ ಹೇಳಿಕೆ ನಮ್ಮಲ್ಲಿ ಗಾದೆಯ ಗೌರವ ಪಡೆದುಬಿಟ್ಟಿದೆ. ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಟೀವಿ ಚರ್ಚೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಇದನ್ನು ಹೇಳಿ ಎಲ್ಲರೂ ತಲೆದೂಗುತ್ತಾರೆ. ಪ್ರವಾಸದ ವಿಷಯ ಬಂದಾಗಲಂತೂ ಇದು ಪಟ್ಟಿಯ ರೂಪ ತಾಳುತ್ತದೆ: ಅಪರಿಚಿತರ ಜೊತೆ ಮಾತಾಡಬೇಡಿ, ಯಾರು ಕೊಟ್ಟದ್ದನ್ನೂ ತಿನ್ನಬೇಡಿ, ಮೊದಲೇ ದರ ಕೇಳಿ, ನಕ್ಷೆ ಬಿಡಿಸಿ ನೋಡಬೇಡಿ, ಹೊಸಬರಂತೆ ಕಾಣಿಸಿಕೊಳ್ಳಬೇಡಿ. ಪಟ್ಟಿ ಪಾಲಿಸಿದವನು ಜಾಣ, ಪಾಲಿಸದೆ ಟೋಪಿ ಹಾಕಿಸಿಕೊಂಡವನು ದಡ್ಡ ಅಥವಾ ಆಸೆಬುರುಕ. ಹೀಗೆ ತೀರ್ಪು ಕೊಟ್ಟ ಮೇಲೆ ಮೋಸಗಾರನ ಕಡೆ ತಿರುಗಿ ನೋಡುವ ಅಗತ್ಯವೇ ಯಾರಿಗೂ ಉಳಿಯುವುದಿಲ್ಲ. ಅವನು ಮಳೆಯಂತೆ, ಸೊಳ್ಳೆಯಂತೆ ಪ್ರಕೃತಿಯ ಒಂದು ಭಾಗ. ಕೊಡೆ ತಾರದೇ ಹೋದದ್ದು ನಿನ್ನ ತಪ್ಪು.

ಆಸೆಬುರುಕರೇ ಮೋಸ ಹೋಗುತ್ತಾರೆ ಎಂಬ ಆರೋಪವನ್ನು ಮೊದಲು ನೋಡೋಣ. ಜೈಪುರದಲ್ಲಿ ವಿದೇಶಿ ಹುಡುಗರ ಸ್ನೇಹ ಬೆಳೆಸಿ, 'ಈ ಹರಳುಗಳನ್ನು ನಿನ್ನ ದೇಶಕ್ಕೆ ಒಯ್ದು ಕೊಟ್ಟರೆ ದುಪ್ಪಟ್ಟು ಹಣ' ಎಂದು ಗಾಜಿನ ಚೂರು ಮಾರುವವರು ಆಸೆಯನ್ನೇ ಬಲೆ ಮಾಡಿಕೊಂಡಿದ್ದಾರೆ, ಒಪ್ಪುತ್ತೇನೆ. ಆದರೆ ಅಂಥ ಮೋಸ ಹತ್ತರಲ್ಲಿ ಒಂದೋ ಎರಡೋ ಇರಬಹುದು. ಉಳಿದವು ಯಾವುದನ್ನು ಹಿಡಿದು ಎಳೆಯುತ್ತವೆ? ಪುಷ್ಕರದ ಸರೋವರದ ಘಾಟಿನಲ್ಲಿ ಹೂವು ಕೈಗಿಟ್ಟು, ತಂದೆತಾಯಿಯ ಹೆಸರಿನಲ್ಲಿ ಸಂಕಲ್ಪ ಮಾಡಿಸಿ, ಮಣಿಕಟ್ಟಿಗೆ ಕೆಂಪು ದಾರ ಕಟ್ಟಿ, ನೀರಿನಲ್ಲಿ ನಿಂತಾಗಲೇ ಸಾವಿರಗಳ ದಕ್ಷಿಣೆ ಕೇಳುವವರು ಭಕ್ತಿಯನ್ನು ಎಳೆಯುತ್ತಾರೆ. ಆ ದಾರಕ್ಕೆ 'ಪುಷ್ಕರ್ ಪಾಸ್‌ಪೋರ್ಟ್' ಎಂಬ ಹೆಸರೇ ಇದೆ. ಅದು ಕೈಯಲ್ಲಿದ್ದರೆ ಉಳಿದವರು ಕಾಡುವುದಿಲ್ಲ. ಪ್ಯಾರಿಸ್ಸಿನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬುಡದಲ್ಲಿ ಕೈಕುಲುಕುವ ನೆಪದಲ್ಲಿ ಬೆರಳಿಗೆ ದಾರ ಹೆಣೆದು ಹಣ ಕೇಳುವವರು ಸೌಜನ್ಯವನ್ನು ಎಳೆಯುತ್ತಾರೆ. ಹೊಸದಿಲ್ಲಿ ರೈಲು ನಿಲ್ದಾಣದ ಪಹಾಡ್‌ಗಂಜ್ ಕಡೆಯ ಬಾಗಿಲಲ್ಲಿ ನಿಂತು, 'ವಿದೇಶಿಯರ ಟಿಕೆಟ್ ಕಚೇರಿ ಸ್ಥಳಾಂತರವಾಗಿದೆ' ಎಂದು ಸುಳ್ಳು ಹೇಳಿ, ಸರ್ಕಾರಿ ಕಚೇರಿಯ ಸೋಗು ಹಾಕಿದ ಖಾಸಗಿ ಏಜೆನ್ಸಿಗೆ ಕರೆದೊಯ್ಯುವವರು ಸರ್ಕಾರದ ಮೇಲಿನ ನಂಬಿಕೆಯನ್ನು ಎಳೆಯುತ್ತಾರೆ. ನಿಜವಾದ ಕಚೇರಿ ಅದೇ ಕಟ್ಟಡದ ಮೊದಲ ಮಹಡಿಯಲ್ಲಿರುತ್ತದೆ. ನನ್ನ ಅತ್ತೆಯಿಂದ ಅವರು ಎಳೆದದ್ದು ಕರುಣೆಯನ್ನು. ದಿಕ್ಕಿಲ್ಲದ ಹೆಣಕ್ಕೆ ಸೌದೆಯಾಗಲಿ ಎಂದು ಸೆರಗಿನ ಗಂಟು ಬಿಚ್ಚಿದವಳನ್ನು ಆಸೆಬುರುಕಿ ಎನ್ನಲು ಯಾವ ನಾಲಗೆಗೆ ಧೈರ್ಯವಿದೆ?

ಇನ್ನು ದಡ್ಡತನದ ಆರೋಪ. ಇದಕ್ಕೆ ದೂರ ಹೋಗುವುದು ಬೇಡ, ನಮ್ಮ ಮೈಸೂರಿಗೇ ಬನ್ನಿ. ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಹೊರನಾಡಿನವರು, ಅದರಲ್ಲೂ ವಿದೇಶಿಯರು ನಿಂತರೆ, ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡುವ ಯಾರೋ ಒಬ್ಬ ಜೊತೆಯಾಗುತ್ತಾನೆ. ಅವಸರವಿಲ್ಲ, ಹಣ ಕೇಳುವುದಿಲ್ಲ. 'ಇಲ್ಲೇನು ನೋಡುತ್ತೀರಿ, ಆ ಕಡೆ ಇವತ್ತೊಂದೇ ದಿನ ವಿಶೇಷ ಮಾರುಕಟ್ಟೆ ಇದೆ, ಬೀಡಿ ಕಟ್ಟುವುದನ್ನು, ಊದುಬತ್ತಿ ಹೊಸೆಯುವುದನ್ನು ತೋರಿಸುತ್ತಾರೆ' ಎನ್ನುತ್ತಾನೆ. ಆ 'ಇವತ್ತೊಂದೇ ದಿನ' ವರ್ಷದ ಎಲ್ಲ ದಿನವೂ ಇರುತ್ತದೆ. ಅಲ್ಲಿ ಒಂದು ಕೋಣೆ, ಚಹಾ, ಸಣ್ಣ ಸಣ್ಣ ಸೀಸೆಗಳು. ಅಪ್ಪಟ ಗಂಧದೆಣ್ಣೆ ಎಂದು ಮಣಿಕಟ್ಟಿಗೆ ಸವರುತ್ತಾರೆ. ಬ್ಯಾಂಕಾಕಿನ ಅರಮನೆಯ ಎದುರು 'ಇವತ್ತು ಅರಮನೆ ಮುಚ್ಚಿದೆ, ಬನ್ನಿ, ಕಡಿಮೆ ಬಾಡಿಗೆಗೆ ಬೇರೆ ಗುಡಿ ತೋರಿಸುತ್ತೇನೆ' ಎಂದು ಟುಕ್‌ಟುಕ್ ಹತ್ತಿಸಿಕೊಂಡು ಹರಳಿನಂಗಡಿಗೆ ಇಳಿಸುವವರದೂ ಇದೇ ಪಾಠ, ಊರು ಮಾತ್ರ ಬೇರೆ.

ಈಗ ಹೇಳಿ, ಆ ಸೀಸೆಯಲ್ಲಿ ಇರುವುದು ಗಂಧದೆಣ್ಣೆಯೋ ರಾಸಾಯನಿಕ ಸುಗಂಧ ಬೆರೆಸಿದ ಅಗ್ಗದ ಎಣ್ಣೆಯೋ ಎಂದು ತಿಳಿಯುವುದು ಹೇಗೆ? ಮೈಸೂರಿನಲ್ಲೇ ಹುಟ್ಟಿ ಬೆಳೆದ ನೀವು ಮೂಸಿ ಹೇಳಬಲ್ಲಿರಾ? ಗಂಧದೆಣ್ಣೆಯಲ್ಲಿ ಸ್ಯಾಂಟಲಾಲ್ ಎಷ್ಟಿದೆ ಎಂದು ಅಳೆಯಲು ಪ್ರಯೋಗಾಲಯದ ಯಂತ್ರ ಬೇಕು. ಎಷ್ಟೇ ಎಚ್ಚರವಿದ್ದರೂ ಮೂಗು ಯಂತ್ರವಾಗುವುದಿಲ್ಲ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಒಂದು ಪ್ರಬಂಧ ಬರೆದರು. ಆ ಬಗೆಯ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಸರಕಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಕೆಟ್ಟ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದಲೇ ಓಡಿಸುತ್ತದೆ ಎಂದು ಅವರು ತೋರಿಸಿದರು. ಪ್ರವಾಸಿಯ ಪಾಡು ಇದಕ್ಕಿಂತ ಒಂದು ಹೆಜ್ಜೆ ಕೆಟ್ಟದು. ನಮ್ಮ ಬೀದಿಯ ದಿನಸಿ ಅಂಗಡಿಯವನು ತೂಕದಲ್ಲಿ ಹೊಡೆದರೆ ನಾಳೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ, ಆ ಭಯ ಅವನಿಗಿದೆ. ಪ್ರವಾಸಿ ಎರಡನೇ ಸಲ ಬರದ ಗಿರಾಕಿ. ಅವನ ಸಿಟ್ಟಿಗೆ ಬೆಲೆಯಿಲ್ಲ, ಏಕೆಂದರೆ ಅವನ ರೈಲು ರಾತ್ರಿ ಒಂಬತ್ತಕ್ಕೆ ಹೊರಡುತ್ತದೆ.

ಇಂಥ ಕಡೆ ನಾಗರಿಕ ಸಮಾಜ ಏನು ಮಾಡುತ್ತದೆ ಎನ್ನುವುದಕ್ಕೆ ಚಿನ್ನದ ಅಂಗಡಿಯನ್ನು ನೋಡಿ. ಮಗಳ ಮದುವೆಗೆ ಒಡವೆ ತರಲು ಹೊರಟ ತಾಯಿಗೆ 'ಒರೆಗಲ್ಲು ಹಿಡಿದುಕೊಂಡು ಹೋಗು, ಆಮ್ಲ ಬಿಟ್ಟು ಪರೀಕ್ಷಿಸು' ಎಂದು ನಾವು ಪಟ್ಟಿ ಬರೆದುಕೊಡುವುದಿಲ್ಲ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಎಚ್ಚರದ ಹೊರೆ ಕೊಳ್ಳುವವಳ ತಲೆಯಿಂದ ಇಳಿದು ಮಾರುವವನ ತಲೆಗೆ ಏರಿತು. ಮೈಸೂರು ರೇಷ್ಮೆಯಲ್ಲೂ ಹಾಗೆಯೇ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ವಾರಸುದಾರ ಸಂಸ್ಥೆ ಇವತ್ತು ಪ್ರತಿ ಸೀರೆಗೂ ಹೊಲೋಗ್ರಾಮ್ ಮತ್ತು ಸಂಕೇತ ಸಂಖ್ಯೆ ಹಾಕುತ್ತದೆ, ಒಂದೇ ದರಕ್ಕೆ ಮಾರುತ್ತದೆ. ಕೊಡಗಿನವರೋ ಕೊರಿಯಾದವರೋ, ಆ ಕೌಂಟರಿನ ಮುಂದೆ ಇಬ್ಬರೂ ಸಮಾನರು. ಅಲ್ಲಿ ಯಾರೂ ಜಾಣರಾಗಬೇಕಿಲ್ಲ. ಒಂದು ಊರು ಸೀರೆಗೆ ಕೊಟ್ಟ ಕಾವಲನ್ನು ಸೀರೆ ಕೊಳ್ಳಲು ಬಂದ ಮನುಷ್ಯನಿಗೆ ಯಾಕೆ ಕೊಡಬಾರದು?

ಇದು ಇವತ್ತಿನ ಕಲ್ಯಾಣರಾಜ್ಯದ ಹೊಸ ಬಯಕೆ ಎಂದು ಯಾರಾದರೂ ಮೂಗು ಮುರಿದರೆ, ಅವರನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕರೆದೊಯ್ಯುತ್ತೇನೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿಯೇ. 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಆ ಗ್ರಂಥದ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ, ಮುಳ್ಳು ಕೀಳುವ ಕೆಲಸ. ಸುಳ್ಳು ತೂಕದ, ಸುಳ್ಳು ಸರಕಿನ ವ್ಯಾಪಾರಿಯಿಂದ ಪ್ರಜೆಯನ್ನು ಕಾಯುವುದು ಅಲ್ಲಿ ಅರಸನ ಹೊಣೆ. ಪ್ರಯಾಣಿಕನ ವಿಷಯವೂ ಅಲ್ಲಿದೆ. ಊರೊಳಗೆ ತಂಗುವ ಸಾರ್ಥದ ವ್ಯಾಪಾರಿಗಳು ತಮ್ಮ ಸರಕಿನ ಬೆಲೆ ತಿಳಿಸಿ ತಂಗಬೇಕು. ರಾತ್ರಿ ಅದು ಕಳುವಾದರೆ ಗ್ರಾಮದ ಒಡೆಯ ತುಂಬಿಕೊಡಬೇಕು. ಎರಡು ಊರುಗಳ ನಡುವೆ ಕಳುವಾದರೆ ಹುಲ್ಲುಗಾವಲಿನ ಅಧಿಕಾರಿ ತುಂಬಿಕೊಡಬೇಕು. ಹುಲ್ಲುಗಾವಲಿಲ್ಲದ ಕಡೆ ಕಳ್ಳರನ್ನು ಹಿಡಿಯಲು ನೇಮಕವಾದ ಚೋರರಜ್ಜುಕ. ದಾರಿಯ ಪ್ರತಿ ತುಂಡಿಗೂ ಒಬ್ಬ ಉತ್ತರ ಕೊಡುವವನಿದ್ದಾನೆ. ಕೌಟಿಲ್ಯನನ್ನು ಮೃದುಹೃದಯಿ ಎಂದು ಯಾರೂ ಕರೆದಿಲ್ಲ. ದಾರಿಗೆ ಭಯವಿದ್ದರೆ ಬೊಕ್ಕಸಕ್ಕೆ ಸುಂಕ ಬಾರದು ಎಂಬ ಗಟ್ಟಿ ಲೆಕ್ಕ ಅವನದು. ಅವನೂ ವ್ಯಾಪಾರಿಗೆ 'ಎಚ್ಚರವಾಗಿ ಮಲಗಬೇಕಿತ್ತು' ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ.

ಇನ್ನೊಂದು ವಾದವಿದೆ, ಅದನ್ನು ಹೇಳುವವರು ಒಳ್ಳೆಯ ಮನಸ್ಸಿನವರು. 'ಪಾಪ, ಆಟೋದವನು, ಟಾಂಗಾದವನು, ಬಡವರು. ಪ್ರವಾಸಿಯ ಜೇಬಿನಿಂದ ನೂರು ರೂಪಾಯಿ ಹೆಚ್ಚು ಹೋದರೆ ಏನಂತೆ?' ಆ ನೂರು ಎಲ್ಲಿ ಹೋಗುತ್ತದೆ ಎಂದು ನೋಡಿದರೆ ಈ ಅನುಕಂಪ ತಪ್ಪು ವಿಳಾಸಕ್ಕೆ ತಲುಪುತ್ತಿರುವುದು ಗೊತ್ತಾಗುತ್ತದೆ. ಇಪ್ಪತ್ತು ರೂಪಾಯಿಗೆ ಊರೆಲ್ಲ ತೋರಿಸುತ್ತೇನೆ ಎನ್ನುವ ಆಟೋದವನಿಗೆ ಸಂಬಳ ಕೊಡುವುದು ಎಂಪೋರಿಯಂ. ಗಿರಾಕಿಯನ್ನು ಬಾಗಿಲಿಗೆ ತಂದರೆ ಒಂದಿಷ್ಟು, ಕೊಂಡರೆ ಅದರ ಮೇಲೆ ಕಮಿಷನ್. ಆ ಕಮಿಷನ್ ಸೀರೆಯ ಬೆಲೆಗೆ, ಕೆತ್ತನೆಯ ಆನೆಯ ಬೆಲೆಗೆ ಸೇರಿರುತ್ತದೆ. ಬೀದಿಯಲ್ಲಿ ನಿಂತು ಬೈಗುಳ ತಿನ್ನುವವನು ಚಾಲಕ. ಹವಾನಿಯಂತ್ರಿತ ಕೋಣೆಯಲ್ಲಿ ಗಲ್ಲಾಪೆಟ್ಟಿಗೆ ಎಣಿಸುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಬೀಟೆಮರದಲ್ಲಿ ತಿಂಗಳುಗಟ್ಟಲೆ ಕೂತು ದಂತದ ಬಣ್ಣದ ಚೂರುಗಳನ್ನು ಕೂರಿಸುವ ಮೈಸೂರಿನ ಕುಸುರಿಗಾರನಿಗೆ ಆ ಹೆಚ್ಚಿನ ಬೆಲೆಯಲ್ಲಿ ಪಾಲು ಬರುವುದಿಲ್ಲ. ಕಮಿಷನ್ ಕೊಡಲೊಪ್ಪದೆ ನ್ಯಾಯವಾದ ದರ ಬರೆದು ಕೂತ ಅಂಗಡಿಯವನ ಮುಂದೆ ಯಾವ ಆಟೋವೂ ನಿಲ್ಲುವುದಿಲ್ಲ. ಮೋಸದ ಮೊದಲ ಬಲಿ ಅವನೇ.

ಚಾಲಕನನ್ನು ಈ ಸರಪಳಿಗೆ ಕಟ್ಟಿದ್ದು ಯಾವುದು ಎಂದೂ ಕೇಳಬೇಕು. ಬೆಂಗಳೂರಿನಲ್ಲಿ 2021ರ ಡಿಸೆಂಬರಿನಲ್ಲಿ ನಿಗದಿಯಾದ ಆಟೋ ದರ 2025ರ ಆಗಸ್ಟ್ 1ರವರೆಗೆ ಬದಲಾಗಲಿಲ್ಲ; ಆಮೇಲೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಮುಂದಿನ ಪ್ರತಿ ಕಿಲೋಮೀಟರಿಗೆ 18 ಆಯಿತು. ಹತ್ತಿರಹತ್ತಿರ ನಾಲ್ಕು ವರ್ಷ ಅಡುಗೆ ಎಣ್ಣೆ, ಬಾಡಿಗೆ, ಮಕ್ಕಳ ಫೀಸು ಏರುತ್ತ ಹೋದಾಗ ಮೀಟರು ಮಾತ್ರ ನಿಂತಲ್ಲೇ ನಿಂತಿತ್ತು. ಮೀಟರಿನಿಂದ ಬದುಕಲಾಗದವನಿಗೆ ಅಂಗಡಿಯವನ ಚೀಟಿ ಆಸರೆಯಾಗುತ್ತದೆ. ದರವನ್ನು ಕಾಲಕಾಲಕ್ಕೆ ಪರಿಷ್ಕರಿಸಿ, ನಿಲ್ದಾಣದ ಬಾಗಿಲಲ್ಲೇ ಪ್ರೀಪೇಯ್ಡ್ ಕೌಂಟರನ್ನು ರಾತ್ರಿಯೂ ತೆರೆದಿಟ್ಟರೆ ಚಾಲಕನೂ ಪ್ರಯಾಣಿಕನೂ ಪರಸ್ಪರ ಸಂಶಯದಿಂದ ಪಾರಾಗುತ್ತಾರೆ. ಈ ಕೆಲಸ ಆಗದಿರುವುದನ್ನು ಮುಚ್ಚಿಡಲು ಎಚ್ಚರಿಕೆಯ ಪಟ್ಟಿ ಬಹಳ ಅನುಕೂಲ.

ಪಟ್ಟಿಯಿಂದಾಗುವ ಇನ್ನೊಂದು ಹಾನಿ ಲೆಕ್ಕಕ್ಕೆ ಸಿಗದು, ನನ್ನನ್ನು ಹೆಚ್ಚು ನೋಯಿಸುವುದು ಅದೇ. ಹಂಪಿಯಲ್ಲಿ ಒಂದು ಮಧ್ಯಾಹ್ನ, ವಿಠ್ಠಲ ದೇವಾಲಯದಿಂದ ಹೊಳೆಯ ದಂಡೆ ಹಿಡಿದು ಬರುವಾಗ ವಿದೇಶಿ ಹೆಣ್ಣುಮಗಳೊಬ್ಬಳು ಬಿಸಿಲಿಗೆ ಬಸವಳಿದು ಬಂಡೆಯ ನೆರಳಲ್ಲಿ ಕುಳಿತಿದ್ದಳು. ಕುರಿ ಕಾಯುತ್ತಿದ್ದ ಒಬ್ಬ ಮುದುಕ ತನ್ನ ಬುತ್ತಿಯ ಮಜ್ಜಿಗೆಯನ್ನು ಮುಂದೆ ಹಿಡಿದ. ಆಕೆ ಬೆದರಿ ಎದ್ದು, ಚೀಲವನ್ನು ಎದೆಗವಚಿಕೊಂಡು, ತಲೆ ಬಗ್ಗಿಸಿ ನಡೆದುಬಿಟ್ಟಳು. ಆಕೆಯದೇನೂ ತಪ್ಪಿಲ್ಲ, ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದಳು. ಮುದುಕ ಮಜ್ಜಿಗೆಯ ಪಾತ್ರೆಯನ್ನು ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ನಿಂತಿದ್ದ. ಬಾಯಾರಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಟ್ಟ ನಾಡಿದು. ನೂರು ಜನರಲ್ಲಿ ಇಬ್ಬರು ಮೋಸಗಾರರನ್ನು ಹಿಡಿಯಲಾರದೆ, ತೊಂಬತ್ತೆಂಟು ಜನರ ಕೈಯ ಮಜ್ಜಿಗೆಯನ್ನು ವಿಷವೆಂದು ಕಲಿಸುವುದು ಯಾವ ಬಗೆಯ ಜಾಣತನ?

ಮೋಸ ಮೊಬೈಲಿನೊಳಗೆ ಬಂದ ಮೇಲೆ ಈ 'ಎಚ್ಚರವಾಗಿರಿ' ಎಂಬ ಉಪದೇಶ ಪೂರ್ತಿ ಪೊಳ್ಳಾಗಿದೆ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ಟನ್ನು ಐಆರ್‌ಸಿಟಿಸಿಯ ಒಂದೇ ಒಂದು ತಾಣದಲ್ಲಿ ಕೊಡುತ್ತಾರೆ. ಆದರೆ ಹುಡುಕಿದಾಗ ಅದೇ ಬಣ್ಣ, ಅದೇ ಗುಡಿಯ ಚಿತ್ರ ಹೊತ್ತ ನಕಲಿ ತಾಣಗಳು ಎದುರಾಗುತ್ತವೆ, ಕೆಲವೊಮ್ಮೆ ಹಣ ಕೊಟ್ಟ ಜಾಹೀರಾತಾಗಿ ಎಲ್ಲಕ್ಕಿಂತ ಮೇಲೆಯೇ. 2025ರ ಏಪ್ರಿಲಿನಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಚಾರ್‌ಧಾಮ್ ಯಾತ್ರಿಕರಿಗೆ, ಅತಿಥಿಗೃಹ, ಟ್ಯಾಕ್ಸಿ, ಪ್ಯಾಕೇಜು ಕಾಯ್ದಿರಿಸುವವರಿಗೆ ಇದೇ ವಿಷಯವಾಗಿ ಎಚ್ಚರಿಕೆ ಹೊರಡಿಸಿತು. ಒಳ್ಳೆಯದೇ. ಆದರೆ ಜೀವಮಾನವಿಡೀ ದುಡಿದು, ಮೊಣಕಾಲು ನೋವಿಗೆ ಹೆದರಿ ಹೆಲಿಕಾಪ್ಟರ್ ಹತ್ತಲು ಹೊರಟ ನಿವೃತ್ತ ಮೇಷ್ಟ್ರು ವಿಳಾಸಪಟ್ಟಿಯ ಕೊನೆಯ ನಾಲ್ಕು ಅಕ್ಷರಗಳನ್ನು ಓದಿ ಅಸಲಿ ನಕಲಿ ಬೇರ್ಪಡಿಸಬೇಕೇ, ಅಥವಾ ಜಾಹೀರಾತಿನ ಹಣ ಎಣಿಸಿಕೊಂಡ ಕಂಪನಿ ಮಾರುವವನ ಗುರುತು ಕೇಳಬೇಕೇ? ನನ್ನ ಮಟ್ಟಿಗೆ ಉತ್ತರದಲ್ಲಿ ಅನುಮಾನವಿಲ್ಲ.

ನಾಚಿಕೆಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿಯೇ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರಿಹೋಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಗಂಟೆಗಳು ಉರುಳಿದಂತೆ ಆ ಸಾಧ್ಯತೆ ಕರಗುತ್ತದೆ. ಆ ಅಮೂಲ್ಯ ಗಂಟೆಗಳಲ್ಲಿ ಮೇಷ್ಟ್ರು ಏನು ಮಾಡುತ್ತಿರುತ್ತಾರೆ? ಮಗನಿಗೆ ಹೇಳುವುದೋ ಬೇಡವೋ ಎಂದು ವರಾಂಡದಲ್ಲಿ ಓಡಾಡುತ್ತಿರುತ್ತಾರೆ. 'ನಿಮಗೆ ಎಷ್ಟು ಸಲ ಹೇಳಿದ್ದೆ' ಎಂಬ ಮಾತು ಕಿವಿಯಲ್ಲಿ ಮೊದಲೇ ಮೊಳಗಿರುತ್ತದೆ. ಕಳ್ಳನಿಗೆ ಬೇಕಾದ ಸಮಯವನ್ನು ನಮ್ಮ ಬುದ್ಧಿಮಾತು ಸಂಪಾದಿಸಿಕೊಡುತ್ತದೆ. ಬೀದಿಯ ಮೋಸದಲ್ಲೂ ಕಥೆ ಅದೇ. ದೂರು ಬಾರದ್ದರಿಂದ ಠಾಣೆಯ ಪುಸ್ತಕದಲ್ಲಿ ಅಪರಾಧವಿಲ್ಲ. ಪುಸ್ತಕದಲ್ಲಿ ಇಲ್ಲದ್ದರಿಂದ ಊರಿನಲ್ಲೇ ಇಲ್ಲ.

ಹಾಗಾದರೆ ಪ್ರವಾಸಿ ಕಣ್ಣುಮುಚ್ಚಿ ನಡೆಯಬೇಕೇ ಎಂದು ಕೇಳುವವರಿಗೆ ನೇರ ಉತ್ತರ ಕೊಡುತ್ತೇನೆ. ಬೇಡ. ನಾನೂ ಪ್ರೀಪೇಯ್ಡ್ ಕೌಂಟರ್ ಹುಡುಕುತ್ತೇನೆ, ಗುಡಿ ಮುಚ್ಚಿದೆ ಎಂದು ಬೀದಿಯಲ್ಲಿ ಯಾರಾದರೂ ಹೇಳಿದರೆ ಗುಡಿಯ ಬಾಗಿಲವರೆಗೂ ಹೋಗಿಯೇ ನೋಡುತ್ತೇನೆ. ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದು ತಪ್ಪಲ್ಲ. ಆದರೆ ಅಗುಳಿ ಹಾಕಲು ಮರೆತವನ ಮನೆಗೆ ಕಳ್ಳ ನುಗ್ಗಿದರೆ, ಮನೆಯವನನ್ನು ಕಟಕಟೆಗೆ ಹತ್ತಿಸುವ ನ್ಯಾಯ ಯಾವ ಊರಿನದು?

ಮಾಡಬಹುದಾದ ಕೆಲಸಗಳು ಕಣ್ಣೆದುರೇ ಇವೆ. ಬ್ಯಾಂಕಾಕಿನ ಅರಮನೆಯ ಹೊರಗೆ, ಅಪರಿಚಿತರ ಮಾತು ನಂಬಬೇಡಿ, ಅರಮನೆ ತೆರೆದೇ ಇದೆ ಎಂದು ಧ್ವನಿವರ್ಧಕದಲ್ಲಿ ಸಾರುತ್ತಾರೆ. ಪೂರ್ತಿ ಮದ್ದಲ್ಲ, ಆದರೆ ಅಲ್ಲಿ ಸ್ಥಳವೇ ಬಾಯಿಬಿಟ್ಟು ಸುಳ್ಳುಗಾರನನ್ನು ಸುಳ್ಳುಗಾರನೆಂದು ಕರೆಯುತ್ತದೆ. ರಾಜಸ್ಥಾನದಲ್ಲಿ ಇಂಥ ದಲ್ಲಾಳಿಗಳಿಗೆ 'ಲಪ್ಕಾ' ಎನ್ನುತ್ತಾರೆ. ಅವರನ್ನು ಹಿಡಿಯಲೆಂದೇ 2010ರಲ್ಲಿ ಕಾಯ್ದೆ ಬಂತು, 2021ರಲ್ಲಿ ಅದನ್ನು ಬಿಗಿಗೊಳಿಸಿದರು. ನಮ್ಮಲ್ಲೂ 2015ರ ಪ್ರವಾಸೋದ್ಯಮ ವ್ಯಾಪಾರ ಕಾಯ್ದೆ ಇದೆ. ತಾಣಗಳಲ್ಲಿ ಗೃಹರಕ್ಷಕರನ್ನು 'ಪ್ರವಾಸಿ ಮಿತ್ರ'ರಾಗಿ ನಿಲ್ಲಿಸುವ ಯೋಜನೆಯಿದೆ. ಆ ಮಿತ್ರರಿಗೆ ದಾರಿ ತೋರಿಸುವುದಷ್ಟೇ ಕೆಲಸವಾಗಬಾರದು, 'ಇವತ್ತೊಂದೇ ದಿನ'ದವನನ್ನು ತಡೆದು ನಿಲ್ಲಿಸುವ ಅಧಿಕಾರವೂ, ಕಮಿಷನ್ ಕೊಡುವ ಅಂಗಡಿಯ ಪರವಾನಗಿಗೆ ಕೈ ಹಾಕುವ ಮೇಲಧಿಕಾರಿಯ ಬೆಂಬಲವೂ ಬೇಕು.

ಕೇಂದ್ರ ಸರ್ಕಾರದ ಪ್ರವಾಸಿ ಸಹಾಯವಾಣಿ 1363ರ ಬಗ್ಗೆಯೂ ಹೇಳಬೇಕು. 2016ರಲ್ಲಿ ಅದು ಶುರುವಾದಾಗ ಹನ್ನೆರಡು ಭಾಷೆಗಳಲ್ಲಿ ಹಗಲೂರಾತ್ರಿ ಉತ್ತರಿಸುತ್ತದೆ ಎಂದು ಸಾರಿದರು. ಅರಬ್ಬಿ ಇತ್ತು, ಜಪಾನಿ, ಕೊರಿಯನ್, ರಷ್ಯನ್, ಪೋರ್ಚುಗೀಸ್ ಇದ್ದವು. ಭಾರತದ ನುಡಿಗಳಲ್ಲಿ ಹಿಂದಿ ಮಾತ್ರ. ರೈಲಿನಲ್ಲಿ ಎರಡು ರಾತ್ರಿ ಕಳೆದು ಕಾಶಿಗೆ ಹೋಗುವ ಹಾವೇರಿಯ ಅಜ್ಜಿ, ತುಮಕೂರಿನ ಅಜ್ಜ ಈ ಲೆಕ್ಕದಲ್ಲಿ ಪ್ರವಾಸಿಗಳೇ ಅಲ್ಲ. ಮಾತು ಬಾರದ ಊರಿನಲ್ಲಿ ಹಣ ಕಳೆದುಕೊಂಡು ನಿಂತಾಗ, ಕನ್ನಡದಲ್ಲಿ 'ಏನಾಯ್ತಮ್ಮ, ಎಲ್ಲಿದ್ದೀರಿ' ಎಂದು ಕೇಳುವ ಒಂದು ದನಿ ಇದ್ದಿದ್ದರೆ ಎಷ್ಟು ಜನ ಬಾಯಿ ಬಿಡುತ್ತಿದ್ದರು ಎಂದು ಯೋಚಿಸುತ್ತೇನೆ.

ಅತ್ತೆ ನನ್ನ ಮುಂದೆ ಬಾಯಿ ಬಿಟ್ಟದ್ದು ಒಂದು ಸಂಕ್ರಾಂತಿಯ ಹಿಂದಿನ ದಿನ, ಇಬ್ಬರೂ ಅವರೆಕಾಯಿ ಸುಲಿಯುತ್ತ ಜಗಲಿಯ ಮೇಲೆ ಕುಳಿತಿದ್ದಾಗ. ತಲೆ ಎತ್ತದೆ, ಕಾಳುಗಳನ್ನು ನೋಡುತ್ತ ಹೇಳಿದರು. ಮುಗಿಸಿದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, 'ಅಷ್ಟು ದುಡ್ಡು ಯಾಕೆ ಕೊಟ್ಟಿರಿ?' ಆಕೆಯ ಕೈ ನಿಂತಿತು. ಆಮೇಲೆ ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಆ ಮೋಸಗಾರ ಯಾವ ಮೆಟ್ಟಿಲ ಮೇಲೆ ಸಿಕ್ಕಿದ, ಯಾವ ಅಂಗಡಿಯ ಸೌದೆ ತೋರಿಸಿದ, ಪಕ್ಕದಲ್ಲಿ ಪೊಲೀಸಿನವರು ಯಾರಾದರೂ ನಿಂತಿದ್ದರೇ ಎಂದು ನಾನು ಕೇಳಲೇ ಇಲ್ಲ.